ಕರ್ನೂಲಿನ ಕಟ್ಟೆ

ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಕಡೆಯ ಮಂದಿಗೆ ಕರ್ನೂಲು ಲೆಕ್ಕದ ಊರು. ರಬಕವಿ ಬಿಟ್ಟು ಬಾಗಲಕೋಟೆ, ಹುನಗುಂದ, ಲಿಂಗಸುಗೂರು, ರಾಯಚೂರು ದಾಟಿ, ಐಜದ ಮೇಲೆ ಅಲಂಪುರ ಚೌರಸ್ತಾಕ್ಕೆ ಬಂದು ತುಂಗಭದ್ರೆಯ ಸೇತುವೆ ಹತ್ತುವ ಹೊತ್ತಿಗೆ ದಾರಿಯ ದೊಡ್ಡ ಪಾಲು ಸವೆದಿರುತ್ತದೆ. ಮುಂದೆ ನಂದಿಕೋಟ್ಕೂರು, ಆತ್ಮಕೂರು, ಅದರಾಚೆ ವೆಂಕಟಾಪುರದಿಂದ ನಲ್ಲಮಲೆಯ ಅಡವಿ. ಅಡವಿಯೊಳಗೆ ಕಾಲು ಸೋತರೆ ಹೊತ್ತು ತರುವವರು ಸಿಗುವುದಿಲ್ಲ. ಮುಂದೆ ನಡೆಯುವವರಾರು, ಬಸ್ಸು ಹತ್ತುವವರಾರು ಎಂಬುದು ಕರ್ನೂಲಿನಲ್ಲೇ ಇತ್ಯರ್ಥವಾಗಬೇಕು. ಅದಕ್ಕೇ ಹಿಂದೆಲ್ಲ ಅಲ್ಲಿ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ತಂಗುತ್ತಿದ್ದೆವು.

ನಾನು ಮೊದಲು ಹೋದದ್ದು ಎಂಬತ್ತರ ದಶಕದಲ್ಲಿ, ಸೋದರಮಾವನ ಬೆನ್ನು ಹತ್ತಿ. ನಮ್ಮದು ನೇಕಾರರ ಓಣಿ. ಹೋಳಿಹುಣ್ಣಿಮೆ ಮುಗಿಯುತ್ತಲೇ ಮಗ್ಗ ನಿಲ್ಲಿಸಿ ಕಂಬಿ ಹೊರಡುತ್ತಿತ್ತು. ಗಂಟು ನಮ್ಮ ನಮ್ಮ ಹೆಗಲಿಗೇ. ಒಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದು ಕಂಬಳಿ. ಹೆಂಗಸರ ಗಂಟಿನಲ್ಲಿ ಇವುಗಳ ಜೊತೆಗೆ ಮಡಿಸಿಟ್ಟ ಒಂದು ಹೊಸ ಸೀರೆ, ಕುಬಸದ ಕಣ, ಅರಿಷಿಣ ಕುಂಕುಮ. ಭ್ರಮರಾಂಬೆ ನಮ್ಮ ಸೀಮೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳ ಉಡಿ ತುಂಬದೆ ಇರಲಾದೀತೆ? ಬಿಸಿಲಿಗೆ ಅಂಜಿ ನಸುಕಿನ ಮೂರಕ್ಕೆ ಎದ್ದು ನಡೆಯುವುದು, ಹತ್ತರೊಳಗೆ ನೆರಳು ಹಿಡಿಯುವುದು, ಹೊತ್ತು ಇಳಿದ ಮೇಲೆ ಮತ್ತೆ ನಡೆಯುವುದು.

ಹಳ್ಳಿಗಳಲ್ಲಿ ಗುಡಿಯೋ ಮರವೋ ಸಿಗುತ್ತಿತ್ತು. ಪಟ್ಟಣದಲ್ಲಿ ಹಾಗಲ್ಲ, ಕೇಳಬೇಕು. ಕರ್ನೂಲಿನ ಪಾತಬಸ್ತಿಯಲ್ಲಿ, ಕೊಂಡಾರೆಡ್ಡಿ ಬುರುಜಿನಿಂದ ಹೊಳೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ, ಒಬ್ಬ ಕಾಳಿನ ವ್ಯಾಪಾರಿಯ ಅಂಗಡಿಗೆ ಉದ್ದನೆಯ ಕಟ್ಟೆಯಿತ್ತು. ಮಾವನಿಗೂ ಆತನಿಗೂ ಹೇಗೆ ಗುರುತಾಯಿತೋ, ಆದದ್ದಂತೂ ಗಟ್ಟಿಯಾಗಿತ್ತು. ಕಂಬಿಯ ಗೆಜ್ಜೆ ಕೇಳಿದೊಡನೆ ಓಣಿಯ ಹುಡುಗರು "ಕನ್ನಡೋಳ್ಳು ಒಚ್ಚಿನಾರು" ಎಂದು ಕೂಗುತ್ತ ಓಡುವರು. ವ್ಯಾಪಾರಿ ಚೀಲ ಸರಿಸಿ ಕಟ್ಟೆ ತೊಳೆಸುವನು. ಕಂಬಿಯನ್ನು ನೆಲಕ್ಕೆ ತಾಗಿಸಬಾರದಲ್ಲ, ಅದಕ್ಕೆಂದೇ ಗೋಡೆಗೆ ಎರಡು ಗೂಟ ಹೊಡೆಸಿಟ್ಟಿದ್ದ. ಅಕ್ಕಪಕ್ಕದ ಮನೆಯ ಹೆಂಗಸರು ಬಂದು ಕಂಬಿ ಹೊತ್ತವರ ಕಾಲಿಗೆ ಬಿಂದಿಗೆಯಿಂದ ನೀರೆರೆಯುವರು.

"ಮಾವಾರ, ತೆಲುಗು ಹೆಂಗ ಕಲ್ತ್ರಿ?" ಅಂದರೆ, "ಯಾರು ಕಲ್ತಾರೋ ತಮ್ಮಾ, ಆಂವ ಅರ್ಧ ಕನ್ನಡ ಆಡ್ತಾನ, ನಾ ಅರ್ಧ ತೆಲುಗು ಆಡ್ತೀನಿ, ಬಾಕಿದ್ದು ಮಲ್ಲಯ್ಯ ನೋಡ್ಕೋತಾನ" ಎನ್ನುತ್ತಿದ್ದರು.

ಆಮೇಲೆ ಕಾಲಿನ ಕೆಲಸ. ಕಾಲು ಚಾಚಿ ಎಲ್ಲರೂ ಸಾಲಾಗಿ ಕುಳಿತರೆ ಮಾವ ಸೂಜಿ ಹಿಡಿದು ಬರುವರು. ಬೊಬ್ಬೆಯನ್ನು ಒಡೆಯಬಾರದು. ಸೂಜಿಯನ್ನು ದೀಪದ ಉರಿಗೆ ಹಿಡಿದು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಮಗ್ಗದ ನೂಲನ್ನು ಆಚೆಯಿಂದ ಈಚೆಗೆ ಪೋಣಿಸಿ, ನೂಲನ್ನು ಒಳಗೇ ಬಿಟ್ಟುಬಿಡಬೇಕು. ನೀರು ನೂಲಿನಗುಂಟ ತಾನೇ ಇಳಿದು ಮೇಲಿನ ತೊಗಲು ಹಾಗೇ ಉಳಿಯುತ್ತದೆ. ಹೀಗೆ ನೂಲು ಬಿಡುವುದನ್ನು ಇವತ್ತಿನ ಡಾಕ್ಟರರು ಒಪ್ಪುವುದಿಲ್ಲ, ನಂಜಾಗುತ್ತದೆ ಎನ್ನುತ್ತಾರೆ. ಇರಬಹುದು. ನಾವಂತೂ ಪಾದಕ್ಕೆ ಹರಳೆಣ್ಣೆ ತಿಕ್ಕಿಕೊಂಡು, ಕಾಲನ್ನು ಗೋಡೆಗೆ ಎತ್ತರಿಸಿ ಇಟ್ಟು ಸಂಜೆತನಕ ಮಲಗುತ್ತಿದ್ದೆವು. ಎದ್ದರೆ ಉಗ್ಗಾನಿ, ಬಜ್ಜಿ. ನಮ್ಮ ಚುರುಮುರಿ ಸುಸಲಾದ ತಂಗಿಯೇ ಅದು; ಹುರಿಗಡಲೆ ಪುಡಿ ಉದುರಿಸುವುದರಲ್ಲಿ ಕರ್ನೂಲಿನವರ ಕೈ ಒಂದಿಷ್ಟು ಧಾರಾಳ. ಅದನ್ನು ತಿಂದು ಮನೆಗೊಂದು ಕಾರ್ಡು ಬರೆದು ಹಾಕುವುದು. ನಾವು ತಿರುಗಿ ಊರು ಸೇರಿದ ಮೇಲೆ ಕಾರ್ಡು ಬಂದದ್ದೂ ಉಂಟು.

2009ರ ಅಕ್ಟೋಬರ್ 2ರಂದು ತುಂಗಭದ್ರೆ, ಹಂದ್ರಿ ಎರಡೂ ಊರೊಳಗೆ ನುಗ್ಗಿದವು. ಮರುವರ್ಷದ ಯುಗಾದಿಗೆ ಹೋದಾಗ ಆ ಓಣಿಯ ಗೋಡೆಗಳ ಮೇಲೆ, ಬಾಗಿಲ ಚೌಕಟ್ಟಿಗಿಂತ ಮೇಲೆ, ಕೆಸರಿನ ಗೆರೆ ಇನ್ನೂ ಕಾಣುತ್ತಿತ್ತು. ಅಂಗಡಿಯ ಕಾಳೆಲ್ಲ ಮೊಳಕೆಯೊಡೆದು ಕೊಳೆತು ಹೋಗಿತ್ತಂತೆ. ನಮ್ಮವರು ಈ ಸಲ ಇಲ್ಲಿ ಊಟ ಬೇಡ ಎಂದು ಹಟ ಹಿಡಿದರು. ವ್ಯಾಪಾರಿ ಹಟದಲ್ಲಿ ನಮ್ಮನ್ನು ಮೀರಿಸಿದ. ಗೂಟ ಮಾತ್ರ ಇರಲಿಲ್ಲ. ಕಂಬಿಯನ್ನು ಸರತಿಯ ಮೇಲೆ ಹೆಗಲಲ್ಲೇ ಹಿಡಿದು ನಿಂತೆವು. ಮುಂದೆ ಕೆಲವು ವರ್ಷಕ್ಕೆ ಕಟ್ಟೆ ಒಡೆದು ಶಟರಿನ ಅಂಗಡಿ ಆಯಿತು. ನಂದಿಕೋಟ್ಕೂರು ರಸ್ತೆಯಲ್ಲಿ ಮನೆ ಕಟ್ಟಿಸಿ ಅವರು ಅಲ್ಲಿಗೆ ಹೋದರು.

ಅಷ್ಟರಲ್ಲಿ ದಾರಿಯೂ ಬೇರೆಯಾಗಿತ್ತು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಸೇತುವೆಯ ಈಚೆ ಒಂದು ರಾಜ್ಯ, ಆಚೆ ಒಂದು. ಹೆದ್ದಾರಿಯ ಉದ್ದಕ್ಕೂ ಶಾಮಿಯಾನ, ದಾಸೋಹ. ನಮ್ಮ ಜಿಲ್ಲೆಯವರೇ ಲಾರಿಯಲ್ಲಿ ಹಿಟ್ಟು, ಬೆಲ್ಲ, ಬದನೆಕಾಯಿ ಹೇರಿಕೊಂಡು ಬಂದು ಕರ್ನೂಲಿನ ಹೊರಗೆ ಒಲೆ ಹೂಡುತ್ತಾರೆ: ಬಿಸಿ ರೊಟ್ಟಿ, ಮಾದ್ಲಿ, ಎಣ್ಣೆಗಾಯಿ. ಕಾಲಿಗೆ ಸ್ಪ್ರೇ ಹೊಡೆದು, ನೋವಿನ ಗುಳಿಗೆ ಕೊಟ್ಟು ಕಳಿಸುವ ವೈದ್ಯಕೀಯ ಶಿಬಿರಗಳಿವೆ. ಗಂಟು ಗಾಡಿಯಲ್ಲಿ ಬರುತ್ತದೆ.

ಇದರಿಂದ ಭಕ್ತಿ ಕೆಟ್ಟಿತು ಎನ್ನುವ ನಮ್ಮ ವಾರಿಗೆಯವರ ಮಾತು ನನಗೆ ಹಿಡಿಸುವುದಿಲ್ಲ. ಒಂಟಿ ಹೆಂಗಸರು, ಹೊಸದಾಗಿ ಮದುವೆಯಾದವರು ಈಗ ಧೈರ್ಯವಾಗಿ ನಡೆಯುತ್ತಿದ್ದಾರೆ. ದಾರಿಯುದ್ದಕ್ಕೂ ದೀಪ, ನೀರು, ಮರೆ ಸಿಗದೆ ಅದು ಆಗುತ್ತಿರಲಿಲ್ಲ. ನನ್ನ ತಕರಾರು ಬೇರೆ. ದಾಸೋಹ ಹೆಚ್ಚಾದಷ್ಟೂ ತಂಗುವುದು ಕಡಿಮೆಯಾಯಿತು. ಹಸಿವಾದಲ್ಲಿ ಊಟ ಸಿಕ್ಕರೆ ಯಾರು ನಿಲ್ಲುತ್ತಾರೆ? ಉಂಡು ಕೈ ತೊಳೆದು ಎದ್ದರೆ ಮತ್ತೆ ರಸ್ತೆ. ನೋವಿನ ಗುಳಿಗೆ ನುಂಗಿದ ಹುಡುಗನಿಗೆ ಕಾಲಿನ ಮಾತು ಕೇಳಿಸುವುದೇ ಇಲ್ಲ, ಆತ್ಮಕೂರು ದಾಟಿದ ಮೇಲೆ ಕೇಳಿಸುತ್ತದೆ. ಅರಣ್ಯ ಇಲಾಖೆಯವರು ಅಡವಿಯ ದಾರಿ ಬಿಡುವುದು ಗೊತ್ತುಮಾಡಿದ ದಿನಗಳಲ್ಲಿ ಮಾತ್ರ, ಆ ಅವಸರ ಬೇರೆ. ಅದರ ಮೇಲೆ ಎಷ್ಟು ದಿನಕ್ಕೆ ಪರ್ವತ ಮುಟ್ಟಿದೆ ಎಂದು ಮೊಬೈಲಿನಲ್ಲಿ ಹೆಜ್ಜೆಯ ಲೆಕ್ಕ ತೋರಿಸುವ ಪೈಪೋಟಿ. ಪುಷ್ಕರಕ್ಕೆಂದು ಕಟ್ಟಿದ ಘಾಟುಗಳಲ್ಲಿ ಮೆಟ್ಟಿಲು ಚೆನ್ನಾಗಿವೆ, ಆದರೆ ಹೊಳೆಗೆ ಇಳಿಯುವವರು ಕಡಿಮೆ. ಯುಗಾದಿ ಹೊತ್ತಿಗೆ ಅದರಲ್ಲಿ ನೀರೂ ಕಡಿಮೆ, ಅದನ್ನೂ ಹೇಳಬೇಕು.

2020ರಲ್ಲಿ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಬೀಗ ಬಿದ್ದ ದಿನ. ಆ ವರ್ಷ ಮಗಳ ಸೀರೆ ಮನೆಯ ಜಗಲಿಯ ಮೇಲೇ ಉಳಿಯಿತು.

ನಡಿಗೆ ಮತ್ತೆ ಶುರುವಾದ ಮೇಲೆ ನಾನೊಂದು ಕರಾರು ಹಾಕಿದ್ದೇನೆ: ನನ್ನ ಕೂಡ ಬರುವವರು ಕರ್ನೂಲಿನಲ್ಲಿ ಒಂದು ಹಗಲು ಕಾಲು ಚಾಚಲೇಬೇಕು. ಹುಡುಗರು ಗೊಣಗುತ್ತಾರೆ, ಕಡೆಗೆ ಮಲಗುತ್ತಾರೆ. ತಂಗುವುದು ಆ ವ್ಯಾಪಾರಿಯ ಮಗ ಹಾಕಿಸುವ ಶಾಮಿಯಾನದಲ್ಲಿ. ಅಲ್ಲಿ ಮಜ್ಜಿಗೆ, ಕಲ್ಲಂಗಡಿ ಹಂಚುತ್ತಾನೆ; ಅಪ್ಪನಷ್ಟು ಕನ್ನಡ ಬಾರದು, ನನಗೂ ಮಾವನಷ್ಟು ತೆಲುಗು ಬಾರದು, ಹಿಂದಿಯಲ್ಲಿ ಸಾಗಿಸುತ್ತೇವೆ. ಕಳೆದ ಸಲ ಹೊರಡುವಾಗ, ಮನೆಯವರಿಗೆ ಟೋಪ ತೆನೆ ಸೆರಗಿನ ಇಳಕಲ್ ಸೀರೆ ಬೇಕು, ಬರುವ ಯುಗಾದಿಗೆ ತರಬೇಕು ಎಂದು ನನ್ನ ಫೋನಿಗೆ ಆಗಲೇ ದುಡ್ಡು ಹಾಕಿಬಿಟ್ಟ. ಇಳಕಲ್ಲು ಹೇಗೂ ದಾರಿಯಲ್ಲೇ ಇದೆ, ಎರಡು ಸೀರೆ ಕೊಳ್ಳುತ್ತೇನೆ ಎಂದೆ. ಬಣ್ಣ ಯಾವುದೆಂದು ಅವನ ಹೆಂಡತಿ ಇನ್ನೂ ತಿಳಿಸಿಲ್ಲ.