ಅಕ್ಕಿ ಅಳೆಯುವ ಕೆಲಸ

ಬಸವೇಶ್ವರನಗರದ ನಮ್ಮ ಬಳಗದ ಹೆಂಗಸರು ಸೋಮವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಒಂದಿಷ್ಟು ವಚನ ಹಾಡುತ್ತೇವೆ, ಅರ್ಥ ಮಾತಾಡುತ್ತೇವೆ, ಕಾಫಿ ಕುಡಿದು ಏಳುತ್ತೇವೆ. ಬಸವ ಜಯಂತಿಗೆ ದಾಸೋಹ ಇಟ್ಟುಕೊಳ್ಳುತ್ತೇವೆ. ಅಂದು ಅಕ್ಕಿ ಅಳೆದು ಕೊಡುವುದು ಮೊದಲಿನಿಂದಲೂ ನನ್ನ ಕೆಲಸ. ಎಷ್ಟು ಪಂಕ್ತಿಗೆ ಎಷ್ಟು ಸೇರು ಎಂಬ ಲೆಕ್ಕ ನನಗೆ ಬಾಯಿಪಾಠ.

2019ರಲ್ಲಿ ದಾಸೋಹವನ್ನು ಸ್ವಲ್ಪ ದೊಡ್ಡದಾಗಿಯೇ ಮಾಡಬೇಕೆಂದು ಎಲ್ಲರಿಗೂ ಆಸೆ. ಆ ಜನವರಿ 21ರಂದು ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾಗಿದ್ದರು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವರ ನೆನಪಿನಲ್ಲಿ ನಾವೂ ನಾಲ್ಕು ಜನಕ್ಕೆ ಹೆಚ್ಚಾಗಿ ಬಡಿಸೋಣ ಎಂದುಕೊಂಡೆವು. ಅಷ್ಟರಲ್ಲಿ ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ನೋಡಿದೆ. ಎಲ್ಲೂ ನನ್ನ ಹೆಸರಿಲ್ಲ. ಪ್ರತಿ ವರ್ಷ ನಾನು ಮಾಡುತ್ತಿದ್ದ ಸ್ವಾಗತಕ್ಕೆ, ಹಿಂದಿನ ವರ್ಷವಷ್ಟೇ ಸೇರಿದ್ದ ಹುಡುಗಿಯ ಹೆಸರು!

ನಮ್ಮಂಥವರ ಕೋಪಕ್ಕೆ ಮಂಡಿನೋವಿನಷ್ಟು ಒದಗಿಬರುವ ನೆಪ ಇನ್ನೊಂದಿಲ್ಲ. ಬರಲಾಗದು ಎಂದು ಹೇಳಿಕಳಿಸಿ ಮನೆಯಲ್ಲೇ ಉಳಿದೆ. ಜಯಂತಿಯ ದಿನ ಮೈಕಿನಲ್ಲಿ ಸ್ವಾಗತ ಭಾಷಣ ಕೇಳಿಸಿದಾಗ ಎದ್ದು ಕಿಟಕಿ ಮುಚ್ಚಿದೆ.

ನಾಲ್ಕು ದಿನ ಕಳೆದು, ದಾಸೋಹಕ್ಕೆ ತರಕಾರಿ ಹೆಚ್ಚಲು ಬರುವ ಅಜ್ಜಿ ಕಾಮಾಕ್ಷಿಪಾಳ್ಯದಿಂದ ನಡೆದೇ ಬಂದರು. ಸೆರಗಿನಲ್ಲಿ ಎಕ್ಕದ ಎಲೆ.

"ಎಣ್ಣೆ ಸವರಿ, ಬಿಸಿ ಮಾಡಿ ಮಂಡಿಗೆ ಕಟ್ಕೊಳ್ಳಮ್ಮ" ಎಂದರು.

ನನಗೆ ತಡೆಯಲಾಗಲಿಲ್ಲ. "ಮಂಡಿ ಅಲ್ಲ ಅಜ್ಜಿ, ಕಾರ್ಡಲ್ಲಿ ನನ್ನ ಹೆಸರೇ ಬಿಟ್ಟಿದ್ರಲ್ಲ!"

"ಯಾವ ಕಾರ್ಡಮ್ಮ? ನಂಗೆ ಓದೋಕೆಲ್ಲಿ ಬರುತ್ತೆ? ತರಕಾರಿ ಹೆಚ್ಚೋಕೆ ಬಾ ಅಂದ್ರು, ಹೋದೆ." ಸ್ವಲ್ಪ ಸುಮ್ಮನಿದ್ದು, "ನೀನಿಲ್ದೆ ಅಕ್ಕಿ ಲೆಕ್ಕ ತಪ್ಪೋಯ್ತು. ಕೊನೇ ಪಂಕ್ತೀಲಿ ರಸ್ತೆ ಗುಡಿಸೋ ಹೆಣ್ಣುಮಕ್ಕಳು ಕೂತಿದ್ರು. ಅನ್ನ ಸಾಲ್ಲಿಲ್ಲ. ಎಲೆ ಮುಂದಿಂದ ಎಬ್ಬಿಸಿದ ಹಾಗಾಯ್ತು" ಎಂದರು.

ಅಜ್ಜಿಯ ಹೆಸರು ಯಾವ ವರ್ಷದ ಪತ್ರಿಕೆಯಲ್ಲೂ ಇರಲಿಲ್ಲ. ಅದು ನನಗೆ ಹೊಳೆದದ್ದೂ ಆಗಲೇ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಬಳಗದಲ್ಲಿ ಹೇಳುತ್ತಿದ್ದವಳು ನಾನೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ. ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಇದು ಆಸೆ ಎಂದು ಹೇಳಿ ಅವಳು ಅದನ್ನು ತಂದಲ್ಲಿಗೇ ವಾಪಸು ಕಳಿಸಿದಳು. ಹೆಚ್ಚಿನ ಅಕ್ಕಿಯಲ್ಲಿ ಅವಳಿಗೆ ಕಂಡ ಆಸೆ, ಅಚ್ಚಿನ ಒಂದು ಸಾಲಿನಲ್ಲಿ ನನಗೆ ಕಾಣಲಿಲ್ಲ. ದಾಸೋಹ ಎಂದರೆ ಊಟ ಹಾಕುವುದಷ್ಟೇ ಎಂದುಕೊಳ್ಳುತ್ತೇವೆ; 'ನಾನು ದಾಸ' ಎಂಬುದು ಆ ಮಾತಿನೊಳಗೇ ಇದೆ.

ಬೇಸರವೇ ಆಗಬಾರದು ಎಂದು ಬೋಧಿಸುವಷ್ಟು ದೊಡ್ಡವಳು ನಾನಲ್ಲ. ಕೇಳಬೇಕಾದ್ದನ್ನು ಎದುರಿಗೇ ಕೇಳಿ, ಆಮೇಲೆ ಹೋಗಿ ಅಕ್ಕಿ ಅಳೆಯಬಹುದಿತ್ತು. ನನ್ನ ಮುನಿಸು ಬಳಗದವರ ಮೇಲೆ. ಹಸಿದು ಎದ್ದವರು ಮಾತ್ರ ಬೇರೆ ಯಾರೋ.

ಮುಂದಿನ ಸೋಮವಾರ ಹೋದೆ. ಸ್ವಾಗತ ಮಾಡಿದ ಹುಡುಗಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಅಕ್ಕಾ, ಆ ಲೆಕ್ಕ ನನಗೂ ಹೇಳಿಕೊಡಿ" ಎಂದಳು. ಮರುತಿಂಗಳು ಮತ್ತೊಮ್ಮೆ ಅಡುಗೆ ಮಾಡಿ, ರಸ್ತೆ ಗುಡಿಸುವ ಆ ಹೆಣ್ಣುಮಕ್ಕಳನ್ನು ಮೊದಲ ಪಂಕ್ತಿಗೇ ಕರೆದೆವು.

ಈಗಲೂ ಆಹ್ವಾನ ಪತ್ರಿಕೆ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹುಡುಕುವುದು ನನ್ನ ಹೆಸರನ್ನೇ. ಸುಳ್ಳೇಕೆ ಹೇಳಲಿ? ಆದರೆ ಆ ವರ್ಷದ ಪತ್ರಿಕೆಯೊಂದು ನಮ್ಮ ಅಕ್ಕಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಕೊಂಡಿದೆ. ಅದರ ಬೆನ್ನಿಗೆ, ಎಷ್ಟು ಪಂಕ್ತಿಗೆ ಎಷ್ಟು ಸೇರು ಎಂದು ಆ ಹುಡುಗಿ ದುಂಡಗೆ ಬರೆದಿದ್ದಾಳೆ.