ಕಾಣದ ಬೆಳಕು

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಕಪಿಲೆಯೂ ಹೋಗುತ್ತಾಳೆ, ನಾವೂ ಹೋಗುತ್ತೇವೆ. ಆಕೆಗೆ ಅಲ್ಲಿ ಕಾವೇರಿಯ ಸಂಗಮ. ನಮಗೆ ತಂಗಿಯ ಮನೆ. ಕಳೆದ ಆಷಾಢದಲ್ಲಿ ಆ ಹಾದಿಯಲ್ಲಿ, ಲಾರಿಯ ಚಕ್ರದಿಂದ ಸಿಡಿದ ಕಲ್ಲೊಂದು ನಮ್ಮ ಕಾರಿನ ಮುಂಗಾಜಿಗೆ ತಗುಲಿ ಕಾಸಿನಗಲದ ನಕ್ಷತ್ರವನ್ನು ಮೂಡಿಸಿತು. “ನಂಜುಂಡನೇ ಕಾಪಾಡಿದ” ಎಂದರು, ಪಕ್ಕದಲ್ಲಿದ್ದ ತಾಯಿಯವರು.

ಇಂತಹ ಬಿರುಕಿಗೆ ತುಂಬುವ ರಾಳವೊಂದುಂಟು. ಅದು ಗಾಳಿಗೆ ಒಣಗುವ ಗೋಂದಿನಂತಲ್ಲ. ಅತಿನೇರಳೆ ಕಿರಣವು ತಗುಲಿದಾಗ ಅದರೊಳಗಿನ ಒಂದು ದ್ರವ್ಯವು ಎಚ್ಚೆತ್ತು, ಅಣುಗಳು ಒಂದನ್ನೊಂದು ಹೆಣೆದುಕೊಂಡು ಗಟ್ಟಿಯಾಗುವುದು. ಹಗಲ ಬಿಸಿಲಾದರೂ ಸಾಕು. ಆದರೆ ಆಷಾಢದ ಸಂಜೆಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ರಾಳದೊಡನೆ ಕೈದೀಪವನ್ನೂ ಕೊಳ್ಳಲು ಹೋದೆನು.

ಅಂಗಡಿಯವನು ಎರಡನ್ನು ಮುಂದಿಟ್ಟನು. ಒಂದು, ಗೋಡೆಯನ್ನೆಲ್ಲ ನೇರಳೆಯಾಗಿ ಬೆಳಗಿತು. ಇನ್ನೊಂದು ಬೂದಿ ಮುಚ್ಚಿದ ಕೆಂಡದಂತೆ ಮಂಕಾಗಿದ್ದು, ಬೆಲೆ ಮಾತ್ರ ಹೆಚ್ಚಾಗಿತ್ತು. ಜಾಣನಂತೆ ಮೊದಲನೆಯದನ್ನೇ ತಂದೆನು. ಹೇಳಿದಷ್ಟು ಹೊತ್ತು ಹಿಡಿದರೂ ರಾಳವು ಜೇನಿನಂತೆ ಅಂಟಂಟಾಗಿಯೇ ಉಳಿಯಿತು. ಮಾರನೆಯ ದಿನ ಹಿಂದಿರುಗುವಾಗ ಗುಂಡಿಯೊಂದರಲ್ಲಿ ಕಾರು ಕುಲುಕಿತು. ಬಿರುಕು ತಾಯಿಯವರ ಕಣ್ಣೆದುರಿಗೇ ಗಾಜಿನ ಆಚೆಯಂಚಿಗೆ ಹರಿದುಹೋಯಿತು. ಊರು ಸೇರುವವರೆಗೂ ಅವರು ಮಾತನಾಡಲಿಲ್ಲ. ಗಾಜನ್ನೇ ಬದಲಾಯಿಸಬೇಕಾಯಿತು.

ಅನಂತರ ರಾಳದ ಕೊಳವೆಯನ್ನು ಓದಿದೆನು. ಅದಕ್ಕೆ ಬೇಕಾದುದು 365 ನ್ಯಾನೊಮೀಟರಿನ ಕಿರಣ. ನನ್ನ ದೀಪದ್ದು 395. ಎರಡನೆಯದು ನೇರಳೆಯ ಅಂಚಿಗೆ ಹತ್ತಿರವಾದುದರಿಂದ ಕಣ್ಣಿಗೆ ಸೊಗಸು, ರಾಳಕ್ಕೆ ಕಣ್ಣಿಲ್ಲವಷ್ಟೆ! 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿಯು ಬಿಸಿಲಿನ ಬಣ್ಣಗಳನ್ನು ಬಿಡಿಸಿ ಬೆಳ್ಳಿಯ ಕ್ಲೋರೈಡಿನ ಮೇಲೆ ಬೀಳಿಸಿದಾಗ, ಅದು ನೇರಳೆಯಾಚೆ, ಏನೂ ಕಾಣದ ಕಡೆಯಲ್ಲಿಯೇ ಹೆಚ್ಚು ಕಪ್ಪಾಯಿತಂತೆ. ಅಂಗಡಿಯಲ್ಲಿ ನನಗೆ ಅದು ನೆನಪಾಗಬೇಕಿತ್ತು. 405ಕ್ಕೆ ಗಟ್ಟಿಯಾಗುವ ರಾಳಗಳೂ ಉಂಟು. ಅಂತಹವುಗಳಿಗೆ ನನ್ನ ಮೊದಲ ದೀಪವೇ ತಕ್ಕುದಾಗಿದ್ದೀತು. ಕೊಳವೆಯ ಅಂಕಿಯೂ ದೀಪದ ಅಂಕಿಯೂ ಹೊಂದಬೇಕು, ಅಷ್ಟೆ.

ಮಂಕುದೀಪವನ್ನು ಕೊಂಡುತಂದೆನು. ಅದು ಕಾಣದೆಂದು ನೆಟ್ಟ ನೋಟದಿಂದ ನೋಡಬಾರದು, ಕಣ್ಣಿಗೆ ಕೇಡು. ತಕ್ಕ ಕನ್ನಡಕವನ್ನೂ ಕೊಂಡೆನು.

ಕಾರ್ತೀಕದಲ್ಲಿ ಹೊಸ ಗಾಜಿಗೂ ಕಲ್ಲು ಬಿದ್ದಿತು. ಅಂದೂ ತುಂತುರು. ತಂಗಿಯ ಮನೆಯ ಸೂರಿನಡಿ ಕಾರನ್ನು ನಿಲ್ಲಿಸಿ, ಬಿರುಕನ್ನು ಒಣಗಿಸಿ ರಾಳವನ್ನು ತುಂಬಿದೆನು. ಒಳಗೆ ಬೆಚ್ಚಗೆ ಕುಳಿತು ದೀಪ ಹಿಡಿಯೋಣವೆನ್ನಿಸಿತು. ಆದರೆ ಮುಂಗಾಜೆಂಬುದು ಎರಡು ಗಾಜುಗಳ ನಡುವಣ ಪೊರೆಯೊಡನೆ ಆದುದು, ಆ ಪೊರೆಯು ಈ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಹೊರಗೇ ನಿಂತೆನು. ತಾಯಿಯವರು ಕೊಡೆ ಹಿಡಿದರು.

“ದೀಪ ಹತ್ತಿದೆಯೇನಪ್ಪ?” ಎಂದು ಕೇಳಿದರು.

“ಹತ್ತಿದೆ” ಎಂದೆನು.