ಹೊಲ ಅಲ್ಲೇ ಅದ, ಪಹಣಿ ಇಲ್ಲ

ಸೇಡಂ, 8 ಜನವರಿ 2025, ಬುಧವಾರ

ಚಿತ್ತಾಪುರದಿಂದ ನಿವೃತ್ತ ಮಾಸ್ತರರೊಬ್ಬರು ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಿದ್ದರು. ಟವೆಲಿನಲ್ಲಿ ಸುತ್ತಿ ತಂದಿದ್ದು 1 ಟಿಬಿಯ ಯುಎಸ್‌ಬಿ ಹಾರ್ಡ್ ಡಿಸ್ಕ್. ನಾಗಾವಿ, ಮಳಖೇಡ, ಸನ್ನತಿ ತಿರುಗಿ ತೆಗೆದ ಶಾಸನಗಳ ಫೋಟೋ, ಚಿಂಚೋಳಿ ಕಡೆಯ ತಾಂಡಾಗಳ ಹಾಡು, ಎಲ್ಲ ಅದರಲ್ಲೇ. ಮನೆಯ ಹುಡುಗ ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕುವಾಗ ಈ ಡಿಸ್ಕನ್ನು ಕಿತ್ತಿರಲಿಲ್ಲ. ಸಾಲು ತಪ್ಪಿ ಇದರ ಪಾರ್ಟಿಷನ್ನೇ ಅಳಿಸಿಬಿಟ್ಟಿದ್ದಾನೆ. ಈಗ ಪರದೆಯ ಮೇಲೆ ಕಾಣುವುದು ಒಂದು ಕರಿ ಪಟ್ಟಿ, ‘ಅನ್‌ಅಲೊಕೇಟೆಡ್’ ಎಂಬ ಮಾತು.

“ಎಲ್ಲಾ ಹೋದ್ವೇನ್ರಿ?”

“ಹೋಗಿಲ್ರಿ ಸರ. ಹೊಲ ಅಲ್ಲೇ ಅದ, ಪಹಣಿ ಹರದದ ಅಷ್ಟೇ.”

ಸಮಾಧಾನಕ್ಕೆ ಹೇಳಿದ ಮಾತಲ್ಲ. ಇಂಥ ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ ಪಾರ್ಟಿಷನ್ ಪಟ್ಟಿಗೆ 64 ಬೈಟ್, ಒಂದೊಂದು ಪಾರ್ಟಿಷನ್ನಿಗೆ 16. ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಬಗೆ ಎಂಬುದಷ್ಟೇ ಅಲ್ಲಿರುತ್ತದೆ. 1983ರಲ್ಲಿ ಡಾಸ್ 2.0 ಬಂದಾಗಿನ ಏರ್ಪಾಡು ಇದು. ಲಕ್ಷ ಕೋಟಿ ಬೈಟಿನ ಡಿಸ್ಕಿನಲ್ಲಿ ಅಳಿಸಿದ್ದು ಮುಖ್ಯವಾಗಿ ಈ 16 ಬೈಟ್. ಮಾಸ್ತರರು ಗಾಬರಿಯಾಗಿ ಏನನ್ನೂ ಒತ್ತದೆ ಬಂದಿದ್ದೇ ದೊಡ್ಡ ಪುಣ್ಯ. ಹೊಸ ವಾಲ್ಯೂಮ್ ಮಾಡಿ ಏನಾದರೂ ತುಂಬಿದ್ದರೆ ಹಳೆಯದರ ಮೇಲೆಯೇ ಬರೆದಂತಾಗುತ್ತಿತ್ತು.

9 ಜನವರಿ, ಗುರುವಾರ

ಮೂಲ ಡಿಸ್ಕಿನ ಮೇಲೆ ಕೈಯಾಡಿಸುವಂತಿಲ್ಲ, ಮೊದಲು ಅದರ ಪೂರ್ತಿ ನಕಲು ಬೇಕು. ಅದಕ್ಕೆಂದು ಕಲಬುರಗಿಗೆ ಹೋಗಿ 2 ಟಿಬಿಯ ಡಿಸ್ಕ್ ತಂದೆ. ವಾಡಿ ದಾಟಿದ ಮೇಲೆ ಶಹಾಬಾದಿನಲ್ಲಿ ಫರ್ಸಿ ಕಲ್ಲಿನ ವ್ಯಾಪಾರಿಯೊಬ್ಬರು ರೈಲು ಹತ್ತಿದರು, ಪರಿಚಯದವರು. “ಸಿಮೆಂಟಿನ ಧೂಳಿಗೇ ನಮ್ಮ ಕಡೆ ಡಿಸ್ಕ್ ಉಳಿಯಂಗಿಲ್ರಿ” ಎಂದರು. ಧೂಳು ಮೊದಲು ಕೆಡಿಸುವುದು ಫ್ಯಾನನ್ನು. ಸಾಮಾನ್ಯ ಹಾರ್ಡ್ ಡಿಸ್ಕಿನ ಗಾಳಿಯ ತೂತಿಗೆ ಒಳಗೆ ಫಿಲ್ಟರ್ ಇರುತ್ತದೆ. ಮುಚ್ಚಳ ಬಿಚ್ಚಿದಾಗಲೇ ಧೂಳು ನಿಜವಾಗಿ ಒಳಹೋಗುವುದು. ಟಕ್ ಟಕ್ ಸದ್ದು ಮಾಡುವ ಡಿಸ್ಕನ್ನು ನಾನಂತೂ ಬಿಚ್ಚುವುದಿಲ್ಲ, ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತೇನೆ.

ಸಂಜೆ ಚಿಂಚೋಳಿಯಿಂದ ಫೋನು: ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಫಾರ್ಮ್ಯಾಟ್ ಆಗಿದೆಯಂತೆ. ಕೂಡಲೇ ಆಫ್ ಮಾಡಿ ತನ್ನಿ ಎಂದೆ, ಭರವಸೆ ಕೊಡಲಿಲ್ಲ. ಅದರಲ್ಲಿ ಟ್ರಿಮ್ ಎಂಬುದೊಂದಿದೆ. ಖಾಲಿಯೆಂದು ಗುರುತಾದ ಜಾಗವನ್ನು ಎಸ್‌ಎಸ್‌ಡಿ ತಾನಾಗಿಯೇ ಗುಡಿಸಿಬಿಡುತ್ತದೆ.

10 ಜನವರಿ, ಶುಕ್ರವಾರ

ಲಿನಕ್ಸಿನ ಡಿಡಿರೆಸ್ಕ್ಯೂ ಹಚ್ಚಿ ನಕಲಿಗೆ ಕೂತೆ. 1 ಟಿಬಿ ಎಂದರೆ 512 ಬೈಟಿನ 195 ಕೋಟಿಗೂ ಹೆಚ್ಚು ಸೆಕ್ಟರುಗಳು. ಸೆಕೆಂಡಿಗೆ 100 ಎಂಬಿ ಓಡಿದರೂ ಸುಮಾರು ಮೂರು ತಾಸು ಬೇಕು. ನಡುವೆ ಕರೆಂಟು ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಸಾಲಲಿಲ್ಲ. ಎಲ್ಲಿಯವರೆಗೆ ಓದಿದೆ, ಯಾವ ಸೆಕ್ಟರ್ ಓದಲಾಗಿಲ್ಲ ಎಂಬುದನ್ನು ಈ ಸಾಧನ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯಿತು.

12 ಜನವರಿ, ಭಾನುವಾರ

ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಪಟ್ಟಿ ಇಲ್ಲದಿದ್ದರೂ ಅದು ಪಾರ್ಟಿಷನ್ನಿನ ಗುರುತುಗಳನ್ನು ಹುಡುಕುತ್ತ ಹೋಗುತ್ತದೆ. ಇಲ್ಲಿ 2048ನೇ ಸೆಕ್ಟರಿನಲ್ಲಿ ಇರಬೇಕಾದ ಬೂಟ್ ಸೆಕ್ಟರೂ ಅಳಿಸಿತ್ತು. ಆದರೆ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಅದರದೊಂದು ಪ್ರತಿಯನ್ನು ಪಾರ್ಟಿಷನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಅದು ಸಿಕ್ಕಿತು. ಪಿ ಒತ್ತಿದೊಡನೆ ಮಾಸ್ತರರ ಫೋಲ್ಡರುಗಳು ಒಂದರ ಕೆಳಗೊಂದು ಬಂದವು, ಹೆಸರು ತಾರೀಖು ಸಮೇತ. ಪಟ್ಟಿಯನ್ನು ತಿರುಗಿ ಬರೆಯುವ ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡೆ.

ಈ ಪ್ರತಿ ಸಿಗದಿದ್ದರೆ ಫೋಟೋರೆಕ್ ಎಂಬ ಇನ್ನೊಂದು ತಂತ್ರಾಂಶ ಇತ್ತು. ಅದು ಪಾರ್ಟಿಷನ್ನನ್ನೇ ಕೇಳುವುದಿಲ್ಲ, ಜೆಪಿಇಜಿಯ ತಲೆಯಲ್ಲಿರುವ ಎಫ್‌ಎಫ್ ಡಿ8 ಎಫ್‌ಎಫ್‌ನಂಥ ಗುರುತು ನೋಡಿ ಫೈಲು ಎತ್ತುತ್ತದೆ. ಆದರೆ ಹೆಸರೂ ಉಳಿಯುವುದಿಲ್ಲ, ಫೋಲ್ಡರೂ ಉಳಿಯುವುದಿಲ್ಲ. ಯಾವ ಶಾಸನ ಯಾವ ಊರಿನದೆಂದು ಮಾಸ್ತರರು ಮತ್ತೆ ಗುರುತಿಸುತ್ತ ಕೂರಬೇಕಾಗುತ್ತಿತ್ತು.

15 ಜನವರಿ, ಬುಧವಾರ

ಸಂಕ್ರಾಂತಿಯ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಮಾಸ್ತರರು ಬಂದರು. ಫೋಟೋ ತೆರೆದು ತೋರಿಸುತ್ತ ನಾಗಾವಿಯ ಘಟಿಕಾಸ್ಥಾನದ, ಅಂದರೆ ಹಳೆಯ ಕಾಲದ ವಿದ್ಯಾಲಯದ, ಮಾತು ತೆಗೆದರು. ಅಲ್ಲಿಯ ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ಹೇಳುತ್ತದೆಯಂತೆ. “ಆಗ ಕಾಯಾಕ ಅಷ್ಟು ಮಂದಿ, ನೀವು ಎಲ್ಲಾ ಒಂದೇ ಡಿಸ್ಕಿನ್ಯಾಗ ಇಟ್ಟೀರಲ್ರಿ ಸರ” ಎಂದೆ. ನಕ್ಕರು, ಇನ್ನೊಂದು ಡಿಸ್ಕ್ ತರಿಸಲು ಒಪ್ಪಿದರು. ಅದನ್ನು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿಡಿ ಎಂದೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ನದಿ ಉಕ್ಕಿ ಮಳಖೇಡಕ್ಕೆ ನೀರು ನುಗ್ಗಿದ್ದನ್ನು ಈ ಸೀಮೆಯವರಿಗೆ ನೆನಪಿಸಬೇಕಿಲ್ಲ. ಒಂದೇ ಕಪಾಟಿನಲ್ಲಿಟ್ಟ ಎರಡು ಪ್ರತಿಗಳು ನೀರು ಬಂದ ದಿನ ಒಂದೇ ಪ್ರತಿಯ ಲೆಕ್ಕ.

ಅಂಗಡಿಯ ಬಾಗಿಲಿಗೆ ಬರೆಸಿ ಹಚ್ಚಬೇಕು: ಡಿಸ್ಕ್ ಖಾಲಿ ಕಂಡರೆ ಏನನ್ನೂ ಒತ್ತಬೇಡಿ, ಕಿತ್ತು ಹಾಗೇ ತನ್ನಿ. ತರುವ ಪ್ರಸಂಗವೇ ಬರಬಾರದೆಂದಿದ್ದರೆ ಇವತ್ತೇ ಇನ್ನೊಂದು ಪ್ರತಿ ಮಾಡಿ ಬೇರೆ ಊರಿನಲ್ಲಿಡಿ.